ತೂಕಕ್ಕೆ ಹೋಗಲಿದ್ದ ಲೇತು

ನಮ್ಮ ಕಡೆ ‘ಲೇತ್ ಎಲ್ಲಿ ಸಿಗುತ್ತದೆ’ ಎಂದು ಯಾರನ್ನಾದರೂ ಕೇಳಿ ನೋಡಿ. ಆಚೆ ಬೈಂದೂರಿನವರೆಗೆ, ಈಚೆ ಕುಂದಾಪುರದವರೆಗೆ ಎಲ್ಲರೂ ಕೈ ತೋರಿಸುವುದು ಕಬ್ಬಿಣದ ಲೇತಿನ ಕಡೆಗೇ. ಬೋಟಿನ ಶಾಫ್ಟು, ಪಂಪಿನ ಬುಷ್ಷು, ಟಿಲ್ಲರಿನ ಪಿನ್ನು ಮಾಡಿಕೊಡುವ ಅಂಗಡಿಗಳು. ‘ಅದಲ್ಲ, ಮರದ್ದು’ ಎಂದರೆ ಒಂದು ಕ್ಷಣ ಯೋಚಿಸಿ, ‘ಹೋ, ಕಡೆಯುವ ಮಿಷನ್ನಾ? ಅದೆಲ್ಲ ಈಗ ಎಲ್ಲಿತ್ತ್ ಮಾರಾಯ್ತಿ’ ಎನ್ನುತ್ತಾರೆ.

ಕಡೆಯುವುದು ಎಂಬ ಮಾತು ನನಗೆ ಇಷ್ಟ. ಮೊಸರು ಕಡೆಯುತ್ತೇವೆ, ಒರಳಿನಲ್ಲಿ ದೋಸೆಗೆ ಅಕ್ಕಿ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಮೂರರಲ್ಲೂ ಏನೋ ಒಂದು ಸುತ್ತುತ್ತಿರುತ್ತದೆ. ಮೊದಲ ಎರಡಕ್ಕೆ ಈಗ ಮಿಕ್ಸಿ, ಗ್ರೈಂಡರ್ ಬಂದಿವೆ. ಮೂರನೆಯದಕ್ಕೆ ಬೇರೇನೂ ಬರಲಿಲ್ಲ, ಕಡೆದ ಮರದ ಬದಲು ಸ್ಟೀಲ್ ಪೈಪ್ ಬಂತು ಅಷ್ಟೇ.

ನನಗೆ ಲೇತು ಬೇಕಾದದ್ದು ತೊಟ್ಟಿಲಿನ ದೆಸೆಯಿಂದ. ಅಕ್ಕ ಮೊದಲ ಹೆರಿಗೆಗೆ ಮನೆಗೆ ಬರುವವಳಿದ್ದಳು. ಅಟ್ಟದಿಂದ ಇಳಿಸಿದ ಹಳೆಯ ತೊಟ್ಟಿಲಲ್ಲಿ ಸುತ್ತಲೂ ಇರುವ ಕಡೆದ ಕಡ್ಡಿಗಳಲ್ಲಿ ಮೂರು ಇಲ್ಲ, ಒಂದು ನಡುವೆ ಸೀಳಿದೆ. ಆ ತೊಟ್ಟಿಲಲ್ಲಿ ನಾನು, ಅಕ್ಕ, ಅಣ್ಣ ಮಾತ್ರವಲ್ಲ, ಅಕ್ಕಪಕ್ಕದ ಏಳೆಂಟು ಮನೆಯ ಮಕ್ಕಳೂ ಮಲಗಿದ್ದಾರೆ. ಕೇಳಿದವರಿಗೆ ಕೊಟ್ಟು, ಅವರು ತಂದಿಟ್ಟು, ಮತ್ತೆ ಇನ್ನೊಬ್ಬರಿಗೆ. ಮೂರು ಕಡ್ಡಿ ಇಲ್ಲದ ಕಡೆ ಅಂಗೈ ಅಗಲಕ್ಕಿಂತ ದೊಡ್ಡ ಸಂದು ಬಿಟ್ಟಿತ್ತು. ಮಗುವಿನ ಕಾಲು ಹೋಗುತ್ತದೆ, ಇನ್ನೂ ಸ್ವಲ್ಪ ಬೆಳೆದರೆ ತಲೆಯೂ ಸಿಕ್ಕಿಬೀಳಬಹುದು. ಹಗ್ಗ ಕಟ್ಟಿ ಮಲಗಿಸುವ ಹಾಗಿಲ್ಲ.

ಪೇಟೆಯ ಫರ್ನಿಚರ್ ಅಂಗಡಿಯಲ್ಲಿ ವಿಚಾರಿಸಿದೆ. ‘ನಾಲ್ಕು ಕಡ್ಡಿಗೆ ಯಾರು ಮಿಷನ್ ಹಾಕುತ್ತಾರೆ, ಹೊಸ ತೊಟ್ಟಿಲೇ ತೆಗೆದುಕೊಳ್ಳಿ’ ಎಂದರು. ಅವರು ಹೇಳಿದ್ದು ವ್ಯಾಪಾರದ ಲೆಕ್ಕದಲ್ಲಿ ಸರಿಯೇ. ಆದರೆ ನನ್ನೊಳಗೆ ಇನ್ನೊಂದು ಆಸೆ ಮೊದಲೇ ಕೂತಿತ್ತು. ಪತ್ರಿಕೋದ್ಯಮ ಓದುವಾಗ ಒಂದು ವರದಿಗೆಂದು ಚನ್ನಪಟ್ಟಣಕ್ಕೆ ಹೋಗಿದ್ದೆ. ತಿರುಗುತ್ತಿರುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣವಾಗಿ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಬ್ರಷ್ಷಿಲ್ಲ, ಒಣಗಿಸುವ ಕೆಲಸವಿಲ್ಲ. ಟಿಪ್ಪುವಿನ ಕಾಲದಿಂದ ಬಂದದ್ದು ಎಂದು ವರದಿಯಲ್ಲಿ ಬರೆದು ಕೊಟ್ಟೆ, ಅಂಕವೂ ಬಂತು. ಬಣ್ಣ ಹತ್ತುವ ಆ ಎರಡು ಸೆಕೆಂಡು ಮಾತ್ರ ತಲೆಯಿಂದ ಹೋಗಲಿಲ್ಲ. (ಊರಿಗೆ ಬಂದು ‘ಆಲೆ ಮರ’ ಕೇಳಿದರೆ ಎಲ್ಲರೂ ತೋರಿಸಿದ್ದು ನಮ್ಮ ಹಾಲೆ ಮರವನ್ನು, ಆಷಾಢದ ಅಮಾವಾಸ್ಯೆಗೆ ಕೆತ್ತೆ ತಂದು ಕಷಾಯ ಮಾಡುತ್ತೇವಲ್ಲ, ಅದು. ಅದು ಬೇರೆ, ಇದು ಬೇರೆ.)

ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಅನುವಾದ, ಸಬ್‌ಟೈಟಲ್ ಕೆಲಸ ಮಾಡುತ್ತೇನೆ. ಅದರಲ್ಲಿ ಉಳಿಸಿದ್ದು 20,000 ರೂಪಾಯಿ. ಹೊಸ ಮಿಷನ್ನುಗಳನ್ನು ಆನ್‌ಲೈನಿನಲ್ಲಿ ನೋಡಿದೆ. ನನ್ನ ದುಡ್ಡಿಗೆ ಸಿಗುವವು ತೀರಾ ಸಣ್ಣವು, ಹಗುರ. ಮರ ಕಡೆಯುವ ಯಂತ್ರಕ್ಕೆ ಭಾರವೇ ಬಲ. ಒರಟು ಮರದ ತುಂಡು ತಿರುಗುವಾಗ ಒಂದು ಬದಿ ಭಾರ ಹೆಚ್ಚಿದ್ದರೆ ಹಗುರ ಮಿಷನ್ ಮೇಜಿನ ಸಮೇತ ಕುಣಿಯುತ್ತದೆ. ಹಳೆಯ ಎರಕದ ಕಬ್ಬಿಣದ್ದಾದರೆ ಅಲುಗುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಿದೆ.

ಮೊದಲು ನೋಡಿದ್ದು ಮುಚ್ಚಿಹೋದ ಫರ್ನಿಚರ್ ಘಟಕವೊಂದರ ಮಿಷನ್. ಹಸಿರು ಬಣ್ಣ ಹೊಸದಾಗಿ ಬಳಿದಿದ್ದರು, ಫೋಟೋದಲ್ಲಿ ಮದುಮಗನ ಹಾಗಿತ್ತು. ಹೋಗುವ ಮೊದಲು ಯೂಟ್ಯೂಬ್ ನೋಡಿ ಒಂದು ಚೀಟಿ ಬರೆದುಕೊಂಡಿದ್ದೆ. ಟೈಲ್‌ಸ್ಟಾಕ್, ಎಂದರೆ ಮರದ ಬಲತುದಿಯನ್ನು ಒತ್ತಿ ಹಿಡಿಯುವ ಭಾಗ, ಅದರ ಬುಡದಲ್ಲಿ ಬಣ್ಣದ ಕೆಳಗೆ ಒಂದು ಉಬ್ಬಿದ ಗೆರೆ. ಉಗುರಿನಿಂದ ಕೆರೆದರೆ ವೆಲ್ಡಿಂಗ್. ಎರಕದ ಕಬ್ಬಿಣ ಬಿರುಕು ಬಿಟ್ಟರೆ ಸಾಮಾನ್ಯ ವೆಲ್ಡಿಂಗಿನಲ್ಲಿ ಗಟ್ಟಿಯಾಗಿ ಕೂರುವುದು ಕಷ್ಟ, ಪಕ್ಕದಲ್ಲೇ ಮತ್ತೆ ಬಿರುಕುತ್ತದೆ. ಸಾಲದ್ದಕ್ಕೆ ಮೋಟಾರು ತ್ರೀ ಫೇಸ್. ನಮ್ಮ ಮನೆಗಿರುವುದು ಸಿಂಗಲ್ ಫೇಸ್. ‘ತೋಟದ ಪಂಪಿಗೆ ತ್ರೀ ಫೇಸ್ ಇದೆಯಲ್ಲ, ಅದರಿಂದ ಎಳೆಯಿರಿ’ ಎಂದು ಮಾರುವವರೇ ಉಪಾಯ ಹೇಳಿಕೊಟ್ಟರು. 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಸರ್ಕಾರ ಪುಕ್ಕಟೆ ಕರೆಂಟು ಕೊಡುವುದು ಗದ್ದೆ ತೋಟಕ್ಕೆ ನೀರು ಬಿಡಲು, ತೊಟ್ಟಿಲ ಕಡ್ಡಿ ಕಡೆಯಲು ಅಲ್ಲ. ನಮಸ್ಕಾರ ಹೇಳಿ ಬಂದೆ.

ಎರಡನೆಯದರ ಸುದ್ದಿ ಕೊಟ್ಟದ್ದು ಅಪ್ಪಯ್ಯ. ಹೆದ್ದಾರಿಯಿಂದ ಪೂರ್ವಕ್ಕೆ, ಹೊಳೆಯ ಬದಿಗೆ ಹೋಗುವ ದಾರಿಯಲ್ಲಿ ಒಬ್ಬರು ವಯಸ್ಸಾದ ಆಚಾರ್ರು ಇದ್ದಾರೆ. ಮಗ ಪ್ಲೈವುಡ್, ಅಲ್ಯುಮಿನಿಯಂ ಕೆಲಸದವನು, ಒಳ್ಳೆಯ ಸಂಪಾದನೆ. ಕಾರು ತೆಗೆದುಕೊಂಡಿದ್ದಾನೆ, ನಿಲ್ಲಿಸಲು ಅಪ್ಪನ ಕೆಲಸದ ಕೊಟ್ಟಿಗೆ ಬೇಕು. ಗುಜರಿಯವರು ಬಂದು ನೋಡಿ ಹೋಗಿದ್ದಾರೆ: ಸುಮಾರು 180 ಕೆ.ಜಿ., ಕೆ.ಜಿ.ಗೆ 30 ರೂಪಾಯಿಯಂತೆ 5,400. ಶನಿವಾರ ಗಾಡಿ ತರುತ್ತಾರೆ. ನಾನು ಹೋದದ್ದು ಬುಧವಾರ.

ಕೊಟ್ಟಿಗೆಯ ಬಾಗಿಲಲ್ಲಿ ನಿಂತಾಗ ಮೊದಲು ಕಂಡದ್ದು ಮಿಷನ್ನಿನ ಎತ್ತರ. ಇಡೀ ಲೇತನ್ನು ಕೆಂಪುಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ್ದರು, ಮೋಟಾರನ್ನು ಅದಕ್ಕೂ ಮೇಲೆ. ಸೌಪರ್ಣಿಕಾ ಉಕ್ಕಿದ ವರ್ಷ ನಾವುಂದದ ಸಾಲ್ಬುಡ, ಬಡಾಕೆರೆ ಕಡೆ ನೆರೆ ಬರುವುದು ಹೊಸತಲ್ಲ. ಗೋಡೆಯಲ್ಲಿ ನೀರಿನ ಗೆರೆ ಇತ್ತು, ಕಟ್ಟೆಗಿಂತ ಒಂದು ಗೇಣು ಕೆಳಗೆ. ಕರಾವಳಿಯಲ್ಲಿ ಹಳೆಯ ಮಿಷನ್ ನೋಡುವವರು ಚೀಟಿಯಲ್ಲಿ ಇದೊಂದನ್ನು ಮೊದಲು ಬರೆದುಕೊಳ್ಳಬೇಕು: ಗೋಡೆ ನೋಡಿ. ಮಿಷನ್ನಿಗೆ ಬಣ್ಣ ಬಳಿಯುವವರು ಗೋಡೆಗೆ ಬಳಿದಿರುವುದಿಲ್ಲ.

ಆಚಾರ್ರು ನನ್ನನ್ನು ಕೆಳಗಿಂದ ಮೇಲೆ ನೋಡಿದರು.

‘ಗುಜ್ರಿಯವ್ರ್ ತೂಕಕ್ಕ್ ತಕಂತ್ರ್. ನೀ ಎಂತಕ್ಕ್ ತಕಂತೆ?’

ತೊಟ್ಟಿಲ ಫೋಟೋ ತೋರಿಸಿದೆ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಕಡ್ಡಿಯನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ‘ಇದ್ ನಮ್ಮ್ ಕೈ ಅಲ್ಲ. ಗಂಗೊಳ್ಳಿ ಬದಿದ್ ಇರ್ಕ್’ ಎಂದರು. ಕಡ್ಡಿಯ ನಡುವೆ ಹೊಟ್ಟೆಯಿದೆಯಲ್ಲ, ಅದನ್ನು ಅವರ ಮನೆಯವರು ಕೆಳಗೆ ಹಿಡಿಯುತ್ತಿದ್ದರಂತೆ, ಇದರಲ್ಲಿ ಮೇಲಕ್ಕಿದೆ. ಬೆರಳಚ್ಚು ಓದುವ ಪೊಲೀಸರ ಹಾಗೆ. ಆಮೇಲೆ ಒಂದೇ ಉಸಿರಿಗೆ ಹೇಳಿದರು: ‘ಮೊದ್ಲ್ ಆ ಶಾಲ್ ತೆಗ್ದ್ ಆಚಿ ಹಾಕ್. ಬಳೆ ತೆಗಿ. ಜಡೆ ಎತ್ತಿ ಕಟ್ಟ್. ಮತ್ತ್ ಹತ್ರ ಬಾ.’

ಕೈಗೆ ಕಟ್ಟಿದ್ದ ಕೆಂಪು ದಾರವನ್ನೂ ಅವರೇ ಕತ್ತರಿಸಿದರು. ತಿರುಗುವ ಮರಕ್ಕೆ ಒಂದು ಎಳೆ ದಾರ ಸಿಕ್ಕಿದರೂ ಸಾಕು, ಕೈಯನ್ನೂ ಕರೆದುಕೊಂಡು ಹೋಗುತ್ತದೆ. ಗಂಡಸರಾದರೆ ಹೆಗಲ ಮೇಲಿನ ಬೈರಾಸು ತೆಗೆಸುತ್ತಿದ್ದರಂತೆ.

ನನ್ನ ಚೀಟಿಯ ಕೆಲಸ ಶುರುವಾಯಿತು. ಬೆಲ್ಟ್ ತೆಗೆದು ಸ್ಪಿಂಡಲನ್ನು ಕೈಯಲ್ಲಿ ತಿರುಗಿಸಿದೆ. ಬೆಲ್ಟ್ ಇದ್ದರೆ ಮೋಟಾರಿನ ಬಿಗಿಯೂ ಸೇರಿ ಏನೂ ಗೊತ್ತಾಗುವುದಿಲ್ಲ. ನುಣ್ಣಗೆ ತಿರುಗಬೇಕು. ಇದರಲ್ಲಿ ಸಣ್ಣ ಗರಗರ ಇತ್ತು. ಹಿಡಿದು ಹಿಂದೆ ಮುಂದೆ ಅಲುಗಿಸಿದರೆ ಕೂದಲೆಳೆಯಷ್ಟು ಸಡಿಲ. ‘ಬೇರಿಂಗ್ ಹೋಯ್ತ್, ನಾನೇ ಹೇಳ್ತಿದ್ದೆ’ ಎಂದರು. ಹಾಗೆ ಮಾರುವವರೇ ಹೇಳಿದಾಗ ಸಮಾಧಾನ. ಬೇರಿಂಗಿನ ನಂಬರ್ 6205, ಒಳಗಿನ ಅಳತೆ 25 ಮಿ.ಮೀ. ಪಂಪು ರಿಪೇರಿ ಅಂಗಡಿಯಲ್ಲೂ ಸಿಗುವ ಮಾಮೂಲಿ ಬೇರಿಂಗ್. ಹಳೆಯ ಮಿಷನ್ನಿನಲ್ಲಿ ಬೇರಿಂಗ್ ಹೋಗಿದ್ದರೆ ಹೆದರಬೇಕಾಗಿಲ್ಲ, ಅದು ಬದಲಾಯಿಸಲೆಂದೇ ಇರುವ ವಸ್ತು. ಹೆದರಬೇಕಾದ್ದು ಎರಕದ ಬಿರುಕಿಗೆ, ಬಾಗಿದ ಸ್ಪಿಂಡಲಿಗೆ.

ಟೈಲ್‌ಸ್ಟಾಕನ್ನು ತಳ್ಳಿಕೊಂಡು ಬಂದು ಎರಡೂ ಬದಿಯ ಚೂಪು ತುದಿಗಳನ್ನು ಎದುರುಬದುರು ನಿಲ್ಲಿಸಿದೆ. ಒಂದಕ್ಕೊಂದು ನೇರ ಮುಟ್ಟಬೇಕು. ಒಂದು ಅಕ್ಕಿಕಾಳಿನ ದಪ್ಪದಷ್ಟು ಬಲತುದಿ ತಗ್ಗಿತ್ತು. ಆಚಾರ್ರು ಅಡಿಗೆ ತಗಡಿನ ಚೂರು ಕೊಟ್ಟು ತೋರಿಸಿದರು, ಕೂಡಿತು. ಎರಡು ತುದಿಗಳ ನಡುವೆ ಕಡ್ಡಿ ಕಡೆಯುವುದಕ್ಕೆ ಅಷ್ಟು ವ್ಯತ್ಯಾಸ ತೊಂದರೆಯಲ್ಲ, ತೂತು ಕೊರೆಯುವಾಗ ಮಾತ್ರ ಕಾಡುತ್ತದೆ ಎಂದರು. ಕಬ್ಬಿಣದ ಸ್ಕೇಲನ್ನು ಬೆಡ್ಡಿನ ಮೇಲೆ ಅಡ್ಡ, ಉದ್ದ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟೆ. ಬೆಳಕು ತೂರಲಿಲ್ಲ. ಉಪ್ಪುಗಾಳಿಯ ಊರಿನಲ್ಲಿ ಇಷ್ಟು ವರ್ಷ ಕಳೆದೂ ಬೆಡ್ಡು ತುಕ್ಕು ತಿನ್ನದೆ ಕಪ್ಪಗೆ ಮಿರುಗುತ್ತಿತ್ತು. ಏನು ಹಚ್ಚುತ್ತೀರಿ ಎಂದು ಕೇಳಿದೆ. ಮೇಣದಬತ್ತಿಯ ತುಂಡು! ಕೆಲಸ ಮುಗಿದ ಮೇಲೆ ಉಜ್ಜುವುದು, ಬೈರಾಸಿನಲ್ಲಿ ಒರೆಸುವುದು. ಎಣ್ಣೆಯಾದರೆ ಮರದ ಪುಡಿ ಹಿಡಿದು ಅಂಟಾಗುತ್ತದೆ.

ಆಮೇಲೆ ಸ್ವಿಚ್ ಹಾಕಿದರು. ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು, 1440 ಆರ್‌ಪಿಎಂ. ಗಾಢ ಹಳದಿಯ ಹಲಸಿನ ತುಂಡೊಂದನ್ನು ಸಿಕ್ಕಿಸಿ, ಉಳಿ ಹಿಡಿದು, ನಾಲ್ಕು ನಿಮಿಷದಲ್ಲಿ ಒಂದು ಕಡೆಗೋಲಿನ ತಲೆಯಷ್ಟು ರೂಪ ತಂದರು. ಸಿಪ್ಪೆ ದಾರದ ಹಾಗೆ ಸುತ್ತಿ ಸುತ್ತಿ ನನ್ನ ಪಾದದ ಮೇಲೆ ಬಿತ್ತು. ಅದೇ ಮೋಟಾರು ಸಂಜೆ ವೋಲ್ಟೇಜ್ ಇಳಿದಾಗ ಹೇಗಿರುತ್ತದೆ ಎಂದು ಕೇಳಿದೆ. ‘ಹಾಂಗಾರೆ ಸಂಜಿ ಬಾ’ ಎಂದರು. ನಿಜವಾಗಿಯೂ ಸಂಜೆ ಏಳಕ್ಕೆ ಮತ್ತೆ ಹೋದೆ. ಹೊರಡುವಾಗ ಒಂದು ಸಲ ಗುಂಯ್‌ಗುಟ್ಟಿ ತಿರುಗಿತು. ಕೆಪಾಸಿಟರ್ ಸ್ವಲ್ಪ ದಣಿದಿದೆ, ಮೋಟಾರಿಗೆ ತೊಂದರೆಯಿಲ್ಲ.

ಬೆಲೆ ಕೇಳಿದೆ. 12,000 ಎಂದರು. ಗುಜರಿಯವನ ಬೆಲೆ ನನಗೆ ಗೊತ್ತಿತ್ತು, ನನಗೆ ಗೊತ್ತು ಎನ್ನುವುದು ಅವರಿಗೂ ಗೊತ್ತಿತ್ತು. ಶನಿವಾರದವರೆಗೆ ಸುಮ್ಮನೆ ಇದ್ದು, ಗಾಡಿ ಬಾಗಿಲಿಗೆ ಬಂದ ಹೊತ್ತಿಗೆ 6,000 ಹಿಡಿದುಕೊಂಡು ಹೋದರೆ ಮಗ ಕೊಟ್ಟುಬಿಡುತ್ತಿದ್ದ. ಹಾಗೆ ಮಾಡು ಎಂದು ನನಗೆ ಸಲಹೆ ಕೊಟ್ಟವರೂ ಇದ್ದಾರೆ, ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲೇ. ನಾನು ಲೆಕ್ಕ ಹಾಕಿದ್ದು ಬೇರೆ ಥರ. ಗುಜರಿಯವನು ಕೊಳ್ಳುವುದು 180 ಕೆ.ಜಿ. ಕಬ್ಬಿಣ. ನನಗೆ ಬೇಕಾದದ್ದು ಆ ಕಬ್ಬಿಣದ ಜತೆಗೆ ತಗಡಿನ ಚೂರು ಎಲ್ಲಿ ಇಡಬೇಕು, ಎಷ್ಟು ಬಿಗಿಯಬೇಕು, ಯಾವ ಸದ್ದಿಗೆ ನಿಲ್ಲಿಸಬೇಕು ಎನ್ನುವುದೂ. ಬಾಗಿಲಲ್ಲಿ ಗಾಡಿ ನಿಲ್ಲಿಸಿ ಬೆಲೆ ಮುರಿದವಳಿಗೆ ಅದನ್ನು ಯಾರೂ ಹೇಳಿಕೊಡುವುದಿಲ್ಲ. 12,000 ಎಣಿಸಿ ಕೊಟ್ಟೆ. ಅಮ್ಮನಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ‘ಆ ದುಡ್ಡಂಗ್ ಎರಡ್ ಹೊಸ ತೊಟ್ಲ್ ಬತ್ತಿತ್ತಲ್ಲೆ’ ಎಂದು ಈಗಲೂ ಹೇಳುತ್ತಾಳೆ. ಬರುತ್ತಿತ್ತು, ಹೌದು.

ಉಳಿಗಳನ್ನೂ ಕೊಡಿ, ಬೇರೆ ದುಡ್ಡು ಕೊಡುತ್ತೇನೆ ಎಂದೆ. ಗೋಡೆಯಲ್ಲಿ ಹನ್ನೊಂದು ಉಳಿ ನೇತಾಡುತ್ತಿದ್ದವು, ತಿಕ್ಕಿ ತಿಕ್ಕಿ ಕೆಲವು ಗಿಡ್ಡವಾಗಿದ್ದವು. ಆಚಾರ್ರು ತಲೆಯಾಡಿಸಿದರು. ಮಿಷನ್ ಹೋಗಲಿ, ಉಳಿ ಕೊಡುವುದಿಲ್ಲ. ಇನ್ನು ಮೇಲೆ ಅವುಗಳಿಂದ ಏನು ಮಾಡುತ್ತೀರಿ ಎಂದು ವರದಿಗಾರಳ ಬಾಯಿ ಕೇಳಲು ಹೊರಟಿತ್ತು, ತಡೆದೆ. ಆಯುಧ ಪೂಜೆಗೆ ಹೂ ಇಡಲು ಆ ಮನೆಯಲ್ಲಿ ಇನ್ನು ಉಳಿದಿರುವುದು ಅವೇ.

ಅದರ ಬದಲು ಉಳಿ ಮಾಡಿಸುವ ಪಾಠ ಸಿಕ್ಕಿತು. ಹಳೆಯ ಅರವನ್ನು ತಿಕ್ಕಿ ಉಳಿ ಮಾಡಿಕೊಳ್ಳುವವರಿದ್ದಾರೆ, ಬೇಡ. ಅರದ ಉಕ್ಕು ಗಟ್ಟಿ, ಆದರೆ ಪೆಡಸು. ತಿರುಗುವ ಮರ ಒಮ್ಮೆ ಹಿಡಿದು ಎಳೆದರೆ ಗಾಜಿನ ಹಾಗೆ ಮುರಿದು ಮುಖಕ್ಕೇ ಬರುತ್ತದೆ. ಲಾರಿಯ ಹಳೆಯ ಪಟ್ಟಿ ಸ್ಪ್ರಿಂಗನ್ನು ಕಮ್ಮಾರರಲ್ಲಿ ಬಡಿಸಿ ಹದ ಕೊಡಿಸಿದರೆ ಬಾಳಿಕೆ. ಅರ್ಧಚಂದ್ರದ ಬಾಯಿಯದು ಒಂದು, ಓರೆ ಬಾಯಿಯದು ಒಂದು, ತುಂಡರಿಸುವ ತೆಳು ಉಳಿ ಒಂದು. ಮೂರೇ ಸಾಕು, ಹಿಡಿ ಉದ್ದ ಇರಲಿ. ಹಾಗೇ ಮಾಡಿಸಿದೆ, ತಲಾ 500 ರೂಪಾಯಿ.

ಶುಕ್ರವಾರ ಬಿಚ್ಚಿ ಸಾಗಿಸಿದೆವು. ಹೆಡ್‌ಸ್ಟಾಕ್, ಟೈಲ್‌ಸ್ಟಾಕ್, ಮೋಟಾರು ಬೇರೆ ಬೇರೆ, ಬೆಡ್ಡನ್ನು ನಾಲ್ವರು ಎತ್ತಿದರು. ಬೆಲ್ಟನ್ನು ಆಚಾರ್ರೇ ಕಳಚಿ, ಮಡಿಸಿ, ನನ್ನ ಕೈಗೆ ಕೊಟ್ಟರು. ಅದು ಹರಿದೇ ಹೋಗಿತ್ತು, ಹೊಸತು ಹಾಕಲೇಬೇಕಿತ್ತು, ಆದರೂ ತೆಗೆದಿಟ್ಟಿದ್ದೇನೆ. ಮಗ ಒಳ್ಳೆಯವನು, ಅವನೇ ಎರಡು ಸಲ ಎತ್ತಲು ಬಂದ. ‘ಅಪ್ಪನಿಗೆ ಪುಡಿ ಆಗುವುದಿಲ್ಲ ಈಗ, ಕೆಮ್ಮು’ ಎಂದ. ಅದನ್ನು ಆಚಾರ್ರು ನನಗೆ ಹೇಳಿರಲಿಲ್ಲ. ನಾನು ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡುತ್ತೇನೆ.

ಖರ್ಚು ಕೇಳುವವರಿಗಾಗಿ ಬರೆಯುತ್ತೇನೆ: ಮಿಷನ್ 12,000, ಗಾಡಿ 900, ಎರಡು ಬೇರಿಂಗ್ 600, ಬೆಲ್ಟ್ 200, ಸ್ವಿಚ್ಚು ವೈರಿಂಗು 1,100, ಉಳಿ 1,500, ಬಲತುದಿಗೆ ತಿರುಗುವ ಸೆಂಟರ್ 700, ಮುಖಕ್ಕೆ ಪಾರದರ್ಶಕ ಶೀಲ್ಡ್ 250. ಒಟ್ಟು 17,250. ಆ ತಿರುಗುವ ಸೆಂಟರ್ ಬಗ್ಗೆ ಒಂದು ಮಾತು. ಹಳೆಯ ಮಿಷನ್ನಿನಲ್ಲಿ ಬಲತುದಿಯ ಚೂಪು ತಿರುಗುವುದಿಲ್ಲ, ಮರ ಅದರ ಮೇಲೆ ಉಜ್ಜಿ ಸುಟ್ಟ ವಾಸನೆ ಬರುತ್ತದೆ. ಆಚಾರ್ರು ಒಂದು ಚಿಟಿಕೆ ಗ್ರೀಸ್ ಇಟ್ಟು ಆಯುಷ್ಯವೆಲ್ಲ ಕಳೆದರು. ಬೇರಿಂಗ್ ಇರುವ ಹೊಸ ಸೆಂಟರ್ ಹಾಕಿದರೆ ಆ ತೊಂದರೆಯಿಲ್ಲ. ಅದಕ್ಕೆ ಟೈಲ್‌ಸ್ಟಾಕಿನ ತೂತು ಯಾವ ಅಳತೆಯ ಮೋರ್ಸ್ ಟೇಪರ್ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ. ನನ್ನದು 2ನೇ ನಂಬರ್, ಸುಲಭವಾಗಿ ಸಿಕ್ಕಿತು.

ಪುಲ್ಲಿಗೆ ಮೂರು ಮೆಟ್ಟಿಲಿದೆ. ಮೋಟಾರಿನ ಬದಿ 3 ಇಂಚು, ಸ್ಪಿಂಡಲ್ ಬದಿ 6 ಇಂಚು ಇದ್ದರೆ ವೇಗ ಅರ್ಧ, 720. ಉಲ್ಟಾ ಹಾಕಿದರೆ 2880. ತೊಟ್ಟಿಲ ಕಡ್ಡಿಯ ದಪ್ಪ ಒಂದೂಕಾಲು ಇಂಚು. 2880ರಲ್ಲಿ ಅದರ ಮೈ ಗಂಟೆಗೆ 17 ಕಿ.ಮೀ. ವೇಗದಲ್ಲಿ ಓಡುತ್ತದೆ, ಸೈಕಲ್ಲಿನಷ್ಟು. ಅದೇ ವೇಗಕ್ಕೆ 8 ಇಂಚಿನ ಬಟ್ಟಲು ಸಿಕ್ಕಿಸಿದರೆ ಅಂಚಿನ ವೇಗ 110 ಕಿ.ಮೀ. ಮರವಂತೆಯಲ್ಲಿ ಹೆದ್ದಾರಿ ಬಿಟ್ಟುಕೊಟ್ಟರೂ ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳು ಅಷ್ಟು ಓಡಲಿಕ್ಕಿಲ್ಲ. ಈ ಲೆಕ್ಕವನ್ನು ಸುಣ್ಣದಲ್ಲಿ ಗೋಡೆಗೆ ಬರೆದಿಟ್ಟಿದ್ದೇನೆ. ಬಟ್ಟಲಿಗೆ ಇನ್ನೂ ಕೈ ಹಾಕಿಲ್ಲ.

ಕಡ್ಡಿಗೆ ಒಣಗಿದ ಹಲಸು ಅಪ್ಪಯ್ಯನ ಹಳೆಯ ಕಿಟಕಿಯಿಂದಲೇ ಸಿಕ್ಕಿತು. ಆಚಾರ್ರು ಹೇಳಿದಂತೆ ತೆಳು ಪಟ್ಟಿಯೊಂದನ್ನು ಹಳೆಯ ಕಡ್ಡಿಯ ಪಕ್ಕ ಹಿಡಿದು, ಎಲ್ಲಿ ಉಬ್ಬು, ಎಲ್ಲಿ ತಗ್ಗು, ಎಲ್ಲಿ ಗುಂಡು ಎಂದು ಗೀಟು ಹಾಕಿಕೊಂಡೆ. ತಿರುಗುವ ಮರಕ್ಕೆ ಆ ಪಟ್ಟಿ ಹಿಡಿದು ಪೆನ್ಸಿಲ್ ಮುಟ್ಟಿಸಿದರೆ ಗೆರೆ ಸುತ್ತಲೂ ತಾನೇ ಬರುತ್ತದೆ. ಪ್ರತಿ ಸಲ ಸ್ಕೇಲ್ ಹಿಡಿಯುವ ಕೆಲಸವಿಲ್ಲ. ಗಂಟಿದ್ದ ಎರಡು ತುಂಡುಗಳು ಮುರಿದವು. ನಾಲ್ಕು ಕಡ್ಡಿ ಆಗುವಾಗ ಹದಿನೇಳು ದಿನ ಹೋಯಿತು. ನಾಲ್ಕನೆಯದು ಸ್ವಲ್ಪ ಬೊಜ್ಜು ಬಂದಿದೆ, ತೊಟ್ಟಿಲ ಗೋಡೆಯ ಬದಿಗೆ ಹಾಕಿದ್ದೇನೆ. ಬಣ್ಣ ಹಚ್ಚಿಲ್ಲ. ಬೇರೆ ಕಡ್ಡಿಗಳೆಲ್ಲ ಮಾಸಿದ ಕೆಂಪು, ಹಸಿರು. ಇವು ಮಾತ್ರ ಬರಿಯ ಹಳದಿ. ಹಲಸು ವರ್ಷ ಕಳೆದಂತೆ ಕಂದಾಗುತ್ತದೆ, ಆಗ ಅಷ್ಟು ಎದ್ದು ಕಾಣಲಿಕ್ಕಿಲ್ಲ. ಅರಗು ತರಿಸಬೇಕು, ಮಗು ಕಚ್ಚುವ ವಸ್ತುವಾದ್ದರಿಂದ ಯಾವ ಬಣ್ಣ ಬೆರೆಸಿದ್ದು ಎಂದು ತಿಳಿದೇ ತರಿಸಬೇಕು.

ಅಕ್ಕನ ಮಗಳು ಈಗ ಅದರಲ್ಲೇ ಮಲಗುತ್ತಾಳೆ. ಮಿಷನ್ ಸದ್ದಿಗೆ ಎದ್ದುಬಿಡುತ್ತಾಳೆ ಎಂದು ನನಗೆ ಹಗಲು ಹನ್ನೊಂದರಿಂದ ಒಂದರವರೆಗೆ ಮಾತ್ರ ಪರವಾನಗಿ.

ಹೋದ ವಾರ ನಮ್ಮ ಮನೆಗೆ ಹಳೆ ಪೇಪರ್ ತೂಗಲು ಬಂದವರು ಅದೇ ಗುಜರಿಯವರು. ಕೊಟ್ಟಿಗೆಯ ಬಾಗಿಲಲ್ಲಿ ಮಿಷನ್ ಕಂಡು ನಕ್ಕರು, ಬೇಸರವೇನೂ ಇರಲಿಲ್ಲ. ‘ನಂಬರ್ ಇಟ್ಕಣಿ ಅಕ್ಕಾ, ಸಾಕ್ ಅಂತ ಕಂಡ್ ದಿನ ಫೋನ್ ಮಾಡಿ’ ಎಂದು ಹೇಳಿ, ಪೇಪರಿನ 84 ರೂಪಾಯಿ ಎಣಿಸಿ ಕೊಟ್ಟು ಹೋದರು. ನಂಬರ್ ಇಟ್ಟುಕೊಂಡಿದ್ದೇನೆ. ಅವರಿಗೆ ಊರೂರಿನ ಕೊಟ್ಟಿಗೆಗಳ ಪರಿಚಯವಿದೆ. ಬಟ್ಟಲು ಹಿಡಿಯುವ ಚಕ್ಕೊಂದು ಎಲ್ಲಾದರೂ ತೂಕಕ್ಕೆ ಬಂದರೆ ನನಗೆ ಮೊದಲು ಹೇಳಿ ಎಂದಿದ್ದೇನೆ.